ಮೋಟಾರು ತಣ್ಣಗಾಗುವ ತನಕ

ಬಬಲೇಶ್ವರದ ಜಂಗಮ ಗುರುಪಾದಯ್ಯ ತನ್ನ ಹಳೆಯ ಕಪ್ಪು ಮೋಟಾರನ್ನು ಜೋರಾಪುರ ಪೇಟೆಯಲ್ಲಿ ಶಿವಯೋಗೆಪ್ಪನ ಮನೆಯ ಮುಂದೆ ತಂದು ನಿಲ್ಲಿಸಿದ. ಆದರೆ ಎಂಜಿನ್ ಬಂದ್ ಮಾಡಲಿಲ್ಲ. ಕೊಳ್ಳಲು ಕಾದಿದ್ದ ಅರಳೆ ವ್ಯಾಪಾರಿ ಶಿವಯೋಗೆಪ್ಪ ಕಟ್ಟೆಯಿಂದ ಇಳಿದು, ಮೋಟಾರಿನ ಸುತ್ತ ಒಂದು ಸಲ ನಡೆದು, ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಕೂತ. "ಭಾಳ ಛಲೋ ಐತಿ" ಎಂದ. ಅವನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಅವನ ಹೆಂಡತಿ ಕಾಶಿಬಾಯಿಯದು ಮುಗಿದಿರಲಿಲ್ಲ. ಸಾರವಾಡಕ್ಕೆ ಕೊಟ್ಟ ಮಗಳು ಅಕ್ಕನಾಗಮ್ಮನಿಗೆ ಏಳು ತಿಂಗಳು ನಡೆದಿತ್ತು, ಹೆರಿಗೆಗೆ ಕರೆತರಬೇಕಿತ್ತು. ಹೋದ ವರ್ಷ ಪಂಚಮಿ ಹಬ್ಬಕ್ಕೆ ಚಕ್ಕಡಿಯಲ್ಲಿ ಬರುವಾಗ ಆ ಕಲ್ಲುದಾರಿಯ ಕುಲುಕಾಟಕ್ಕೆ ಅವಳ ಬಸಿರು ನಿಂತಿರಲಿಲ್ಲ. ಈ ಸಲ ಚಕ್ಕಡಿ ಬೇಡ ಎಂದು ಮೋಟಾರಿನ ಮಾತು ತೆಗೆದವಳೇ ಕಾಶಿಬಾಯಿ. ಈಗ ಅವಳಿಗಿದ್ದ ಚಿಂತೆ ಒಂದೇ. ಇದು ನಡುದಾರಿಯಲ್ಲಿ ನಿಂತುಬಿಟ್ಟರೆ?

"ಅಯ್ನೋರ, ಯಾಕ ಸುಮ್ನ ರೇಶನ್ ಎಣ್ಣಿ ಸುಡತೀರಿ? ಬಂದ್ ಮಾಡಿ ಒಳಗ ಬರ್ರಿ" ಎಂದಳು. ಯುದ್ಧ ಮುಗಿದರೂ ಪೆಟ್ರೋಲು ಇನ್ನೂ ಕೂಪನ್ನಿನ ಮೇಲೆಯೇ ಸಿಗುತ್ತಿತ್ತು.

"ಇರ್ಲಿ ಬಿಡ್ರಿ ಅವ್ವಾರ. ಗೋಳಗುಮ್ಮಟದ ತನಕ ಒಂದು ಸುತ್ತು ಹೋಗಿ ಬಂದುಬಿಡೂಣು."

"ಅಯ್ನೋರು ಬಾಗಿಲಿಗೆ ಬಂದು ಉಣ್ಣದ ಹೋದ್ರ ನಮ್ಮ ಮನಿಗೆ ಛಲೋ ಏನ್ರಿ?"

ಭಕ್ತರ ಮನೆಯ ಊಟವನ್ನು ಜಂಗಮ ಒಲ್ಲೆ ಎನ್ನುವಂತಿರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಎಂಜಿನ್ ಬಂದ್ ಮಾಡಿದ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಒಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗುರುಪಾದಯ್ಯ ಬೇಗ ಬೇಗ ಉಂಡು ಏಳಲು ನೋಡಿದ. ಕಾಶಿಬಾಯಿ ಹೊರಗೆ ಹೋಗಿ ಮೋಟಾರಿನ ಮೂತಿಯ ಮೇಲೆ ಅಂಗೈ ಇಟ್ಟು ನೋಡಿ ಬಂದು, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮತ್ತೆ ಹೋದಳು, ಮತ್ತೊಂದು ಹಾಕಿದಳು. ಊಟದ ಮೇಲೆ ಎಲೆ ಅಡಿಕೆ ಕೊಟ್ಟು, ಗೋಡೆಗೆ ಚೂರು ಒರಗಿರಿ ಎಂದು ದಿಂಬು ಇಟ್ಟಳು. ಬಿಸಿಲು ಕಟ್ಟೆಯಿಂದ ಸರಿದು ಮಾಗಿಯ ಗಾಳಿ ತಣ್ಣಗೆ ಬೀಸತೊಡಗಿದ ಮೇಲೆ, "ಈಗ ಚಾಲೂ ಮಾಡ್ರಿ ಅಯ್ನೋರ, ಗೋಳಗುಮ್ಮಟ ನೋಡಿ ಬರೂಣು" ಎಂದಳು.

ಗುರುಪಾದಯ್ಯ ಮೋಟಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ. ಹತ್ತು ಸಲ ತಿರುಗಿಸಿದ, ಇಪ್ಪತ್ತು ಸಲ ತಿರುಗಿಸಿದ. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯಿತು.

"ಉಂಡದ್ದು ಹೆಚ್ಚಾಗೈತಿ. ಕೈಯಾಗ ಬಲ ಹತ್ತವಲ್ಲದು" ಎಂದು ಹಿಂದಿನ ಸೀಟಿನಿಂದ ಶಿವಯೋಗೆಪ್ಪ ಮೋಟಾರಿನ ಪರ ವಹಿಸಿದ.

ಗುರುಪಾದಯ್ಯ ನೆಟ್ಟಗೆ ನಿಂತು ಉಸಿರು ಬಿಟ್ಟ. "ಅವ್ವಾರ, ನಿಮ್ಮ ಅನ್ನ ಉಂಡೀನಿ, ಹೇಳಿಬಿಡತೀನಿ. ಮುಂಜಾನೆ ಆರು ಮಂದಿ ದೂಡಿ ಚಾಲೂ ಮಾಡೀವ್ರಿ. ಬಿಸಿ ಇರೂತನಕ ಓಡತೈತಿ. ತಣ್ಣಗಾತಂದ್ರ ಏಳಂಗಿಲ್ಲ."

"ಮತ್ತ ಉಳಿದದ್ದು?"

"ಟೈರು ಹೊಸಾವು. ಸ್ಪ್ರಿಂಗು, ಬ್ರೇಕು ಗಟ್ಟಿ ಅದಾವ್ರಿ. ಸುಳ್ಳು ಹೇಳಂಗಿಲ್ಲ."

"ಇನ್ನ ಮ್ಯಾಲೆ ಹೇಳಂಗಿಲ್ಲ ಅನ್ರಿ" ಎಂದು ಕಾಶಿಬಾಯಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಒಂದು ಮಾತು ಹೇಳ್ರಿ. ನಿಮ್ಮ ಮಗಳು ಬಸುರಿದ್ದಳಂದ್ರ, ಕರಿಯಾಕ ಇದನ್ನ ತಗೊಂಡು ಹೋಗತಿದ್ರೇನು?"

ಅವನು ಹ್ಯಾಂಡಲನ್ನು ನೆಲದ ಮೇಲಿಟ್ಟ. "ಇಲ್ರಿ. ಎತ್ತು ಹೂಡತಿದ್ದೆ."

ಕಾಶಿಬಾಯಿ ಹಿಂದಿನ ಬಾಗಿಲು ತೆಗೆದು ಗಂಡನ ಪಕ್ಕದಲ್ಲಿ ಕೂತಳು. ಎದ್ದು ಕೂತಳು, ಮತ್ತೆ ಎದ್ದು ಭಾರ ಬಿಟ್ಟು ಕೂತಳು. ಸೀಟು ಅವಳನ್ನು ಮೆಲ್ಲಗೆ ಮೇಲೆತ್ತಿ ಕೆಳಗಿಳಿಸಿತು. ಶಿವಯೋಗೆಪ್ಪ ಹೆಂಡತಿಗೆ ಹುಚ್ಚು ಹಿಡಿಯಿತೇನೋ ಎಂದು ಬಾಗಿಲಿನತ್ತ ಸರಿದ.

"ಎತ್ತು ನಮ್ಮನ್ಯಾಗ ಅದಾವ ಅಯ್ನೋರ" ಎಂದಳು. "ಎಂಜಿನ್ ಬಿಟ್ಟು ಉಳಿದದ್ದಕ್ಕ ಏನು ತಗೋತೀರಿ, ಹೇಳ್ರಿ."

ಎಂಟು ದಿನಕ್ಕೆ ಆ ಮೋಟಾರು ಸಾರವಾಡಕ್ಕೆ ಹೊರಟಿತು. ಮುಂದಿನ ಕಬ್ಬಿಣಕ್ಕೆ ಒಂದು ಉದ್ದ ತೊಲೆ ಬಿಗಿದು ಎತ್ತು ಹೂಡಿದ್ದರು. ಆಳು ರೇವಪ್ಪ ನೊಗದ ಪಕ್ಕದಲ್ಲಿ ನಡೆದ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲು ಗುರುಪಾದಯ್ಯ ತಾನಾಗಿಯೇ ಬಂದು ಕೂತಿದ್ದ. ಪಕ್ಕದಲ್ಲಿ ಶಿವಯೋಗೆಪ್ಪ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದವರು ಕವಣೆ ಕೆಳಗಿಟ್ಟು ನಕ್ಕರು. ಒಬ್ಬ ಮುದುಕ, "ಯಜಮಾನ್ರ, ಎಣ್ಣಿ ಯಾವದ್ರಾಗ ಹಾಕತೀರಿ, ಎತ್ತಿನಾಗೋ ಮೋಟಾರಿನಾಗೋ?" ಎಂದು ಕೇಳಿದ. ಶಿವಯೋಗೆಪ್ಪ ದಾರಿಯನ್ನು ಬಿಟ್ಟು ಅತ್ತಿತ್ತ ನೋಡಲಿಲ್ಲ.

ಮರುದಿನ ಸಂಜೆ ಅವರು ತಿರುಗಿ ಬರುವ ಹೊತ್ತಿಗೆ ಪೇಟೆಯ ಜನವೆಲ್ಲ ನಗಲು ಸಜ್ಜಾಗಿ ಕಟ್ಟೆಗಳ ಮೇಲೆ ನಿಂತಿತ್ತು. ನಕ್ಕಿತು ಕೂಡ. ಕಾಶಿಬಾಯಿ ಯಾರ ಕಡೆಗೂ ನೋಡದೆ ಹೋಗಿ ಹಿಂದಿನ ಬಾಗಿಲು ತೆಗೆದಳು. ಆಮೇಲೆ ತಿರುಗಿ ಬಾಯಿಯ ಮೇಲೆ ಬೆರಳಿಟ್ಟಳು. ಹತ್ತಿರದವರ ನಗು ಮೊದಲು ನಿಂತಿತು, ಆಮೇಲೆ ದೂರದವರದು.

ಒಳಗೆ ಅಕ್ಕನಾಗಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆ ಹೋಗಿದ್ದಳು.