ಸೂಜಿ ಮುಟ್ಟದ ತೋಳು

ಜಂಬಮ್ಮನ ಎಡತೋಳಿನ ಮೇಲೆ ಹಚ್ಚೆಯ ಬಳ್ಳಿ ಅರ್ಧಕ್ಕೆ ಬಂದಿತ್ತು. ಚುಚ್ಚುತ್ತಿದ್ದ ಉಚ್ಚೆಂಗೆಮ್ಮ ತಾನು ಗುನುಗುತ್ತಿದ್ದ ಹಾಡನ್ನು ನಿಲ್ಲಿಸಿದಳು. ಚುಚ್ಚಿದ ಕಡೆ ರಕ್ತ ಸಣ್ಣಗೆ ಮೂಡುತ್ತದೆ, ಒರೆಸಿದರೆ ಅಲ್ಲಿಗೆ ಮುಗಿಯುತ್ತದೆ. ಧಾತು ಸಂವತ್ಸರದ ಬರದಲ್ಲಿ ಗಂಡ ಸತ್ತ ಮೇಲೆ ಸೂಜಿ ಹಿಡಿದು ಕುರುಗೋಡಿನಿಂದ ಸಿರುಗುಪ್ಪದವರೆಗೆ ಊರೂರು ತಿರುಗಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ರಕ್ತ ಮಾತ್ರ ಒರೆಸಿದಷ್ಟೂ ಬರುತ್ತಿತ್ತು. ನೀರಿನ ಹಾಗೆ ತೆಳ್ಳಗಿತ್ತು. ಬೆಳಿಗ್ಗೆಯೇ ಚುಚ್ಚಿದ ಮೊದಲ ಎಲೆ ಇನ್ನೂ ಜಿನುಗುತ್ತಿತ್ತು.

ಸಿರಿಗೇರಿಯ ಆ ಒಕ್ಕಲಿನ ಮನೆಗೆ ಅವಳನ್ನು ಕರೆಸಿದ್ದು ಜಂಬಮ್ಮನ ಅತ್ತೆ ದೊಡ್ಡಬಸಮ್ಮ. ತುಂಬಿದ ಬಸುರಿಯನ್ನು ಬೋಳು ತೋಳಿನಲ್ಲಿ ತವರಿಗೆ ಕಳಿಸಿದರೆ ಬೀಗರು ಆಡಿಕೊಂಡಾರೆಂದು ಅವಳಿಗೆ ಅಂಜಿಕೆ. ಜಂಬಮ್ಮನಿಗೆ ಮೊನ್ನೆಯಿಂದ ಮೈ ಕಾದಿತ್ತು, ಸೊಂಟ ಮುರಿದು ಬೀಳುವಂಥ ನೋವಿತ್ತು. ಬಸುರಿಯರಿಗೆ ಇದ್ದದ್ದೇ ಎಂದು ಅತ್ತೆ ಅಂದಿದ್ದಳು. ಈಗ ತೋಳಿಗೆ ಅರಿಸಿನ ಒತ್ತಿದರು, ಸುಣ್ಣ ಹಚ್ಚಿದರು, ಅರಿವೆ ಸುಟ್ಟು ಬೂದಿ ಮೆತ್ತಿದರು. ಎಲ್ಲವೂ ತೊಯ್ದು ಜಾರಿ ಬಿದ್ದವು. ಹೊತ್ತು ಇಳಿಯುವುದರೊಳಗೆ ವಸಡಿನಲ್ಲೂ ರಕ್ತ ಕಾಣಿಸಿತು.

"ನಿನ್ನ ಮಸಿಯಾಗ ಏನು ಕಲಸಿದಿ?" ದೊಡ್ಡಬಸಮ್ಮ ಮೆಲ್ಲಗೆ ಕೇಳಿದಳು.

ದೀಪದ ಕಾಡಿಗೆ, ಸೊಪ್ಪಿನ ರಸ, ಅದು ಬಿಟ್ಟರೆ ಏನೂ ಇಲ್ಲವೆಂದು ಉಚ್ಚೆಂಗೆಮ್ಮ ಆಣೆ ಇಟ್ಟಳು. ಮಸಿಯನ್ನು ತನ್ನ ನಾಲಿಗೆಗೇ ಹಚ್ಚಿಕೊಂಡು ತೋರಿಸಿದಳು. ಯಾರೂ ನಂಬಲಿಲ್ಲ. ಜಂಬಮ್ಮನ ಗಂಡ ಗಾದೆಪ್ಪ ಸೂಜಿಗಳನ್ನು ಕಸಿದುಕೊಂಡು, ಅವಳನ್ನು ದನದ ಕೊಟ್ಟಿಗೆಗೆ ನೂಕಿ ಹೊರಗಿನಿಂದ ಅಗಳಿ ಹಾಕಿದ. ಬೆಳಗಾದರೆ ಗೌಡರ ಮುಂದೆ ಪಂಚಾಯಿತಿ. ಮಾಟ ಮಾಡಿದವರ ಮುಂದಿನ ಹಲ್ಲುಗಳನ್ನು ಕಲ್ಲಿನಿಂದ ಮುರಿಯುವುದನ್ನು ಉಚ್ಚೆಂಗೆಮ್ಮ ಒಂದು ಊರಿನಲ್ಲಿ ಕಣ್ಣಾರೆ ಕಂಡಿದ್ದಳು. ಕತ್ತಲೆಯಲ್ಲಿ ಕೂತು ಅವಳು ಮತ್ತೆ ಮತ್ತೆ ತನ್ನ ಹಲ್ಲುಗಳನ್ನು ನಾಲಿಗೆಯಿಂದ ಮುಟ್ಟಿಕೊಂಡಳು.

ಬೆಳಿಗ್ಗೆ ಅವಳನ್ನು ಅಂಗಳಕ್ಕೆ ಎಳೆದು ತಂದಾಗ ಓಣಿಯ ಜನವೆಲ್ಲ ನೆರೆದಿತ್ತು. ಜಂಬಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಕಣ್ಣಿನ ಬಿಳಿಯ ಭಾಗವೆಲ್ಲ ಕಡುಗೆಂಪಾಗಿತ್ತು. ಮಾತು ಮಾತ್ರ ನಿನ್ನೆಗಿಂತ ನಿಚ್ಚಳವಾಗಿತ್ತು.

"ಅಕ್ಕಾ, ರಾತ್ರಿ ನೀ ಎಲ್ಲಿದ್ದಿ?"

"ಕೊಟ್ಟಿಗ್ಯಾಗ ಇದ್ನೆವ್ವಾ. ನಿನ್ನ ಗಂಡ ಅಗಳಿ ಹಾಕಿದ್ದ."

"ಹಂಗಾದ್ರ ಇದನ್ನ ಯಾರು ಹಾಕಿದ್ರು?" ಎಂದು ಜಂಬಮ್ಮ ಬಲತೋಳಿನ ಮೇಲಿದ್ದ ಸೆರಗನ್ನು ಸರಿಸಿದಳು.

ಸೂಜಿ ಆ ತೋಳನ್ನು ಮುಟ್ಟಿಯೇ ಇರಲಿಲ್ಲ. ಆದರೂ ಭುಜದಿಂದ ಮುಂಗೈವರೆಗೆ ಚರ್ಮದ ಅಡಿಯಲ್ಲಿ ನೇರಳೆ ಚುಕ್ಕೆಗಳು ತುಂಬಿದ್ದವು; ಸೂಜಿಮೊನೆಯಷ್ಟೇ ಸಣ್ಣವು, ಎಲೆಯಿಲ್ಲ, ಹೂವಿಲ್ಲ, ಗೆರೆಯಿಲ್ಲ. ಇರುಳೆಲ್ಲ ಸೊಸೆಯ ಕೈ ಹಿಡಿದು ಕೂತಿದ್ದ ದೊಡ್ಡಬಸಮ್ಮನ ಬೆರಳುಗಳ ಗುರುತು ಮುಂಗೈ ಮೇಲೆ ಕಪ್ಪಗೆ ಎದ್ದಿತ್ತು. ಜನ ನೋಡುತ್ತಿದ್ದಂತೆಯೇ ಮೊಣಕೈ ಹತ್ತಿರ ಹೊಸದೊಂದು ಚುಕ್ಕೆ ಮೂಡಿತು.

"ಒಳಗಿಂದ ಯಾರೋ ಚುಚ್ಚಾಕ ಹತ್ಯಾರ," ಅಂದಳು ಜಂಬಮ್ಮ. "ನೋವೇನಿಲ್ಲ. ಅಕ್ಕನ್ನ ಬಿಟ್ಟುಬಿಡ್ರಿ."

ಮೊದಲು ಗೌಡ ಎದ್ದು ಹೋದ, ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಗಾದೆಪ್ಪ ಸೂಜಿಗಳನ್ನು ನೆಲದ ಮೇಲಿಟ್ಟು ದೂರ ಸರಿದ. ಹೋಗಲು ಈಗ ಉಚ್ಚೆಂಗೆಮ್ಮನಿಗೆ ಅಡ್ಡಿ ಇರಲಿಲ್ಲ. ಊರಬಾಗಿಲಿನವರೆಗೆ ಹೋದಳು ಕೂಡ. ಅಲ್ಲಿ ನಿಂತು ಹಿಂದಿರುಗಿ ನೋಡಿದರೆ ಆ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಅವಳು ಮರಳಿ ಬಂದು ಜಂಬಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮರುದಿನ ಮಗು ಸತ್ತೇ ಹುಟ್ಟಿತು. ಕೊನೆಯವರೆಗೂ ಜಂಬಮ್ಮ ಎಚ್ಚರದಲ್ಲೇ ಇದ್ದಳು. ಕರುವಿಗೆ ನೀರಿಟ್ಟಿರಾ ಎಂದು ಕೇಳಿದಳು, ಅತ್ತೆಗೆ ಉಂಡು ಬರಲು ಹೇಳಿದಳು. ಹಾಗೆ ಮಾತಾಡುತ್ತಲೇ ಉಸಿರು ನಿಂತಿತು. ಮೈ ತೊಳೆದು ಹೊಸ ಸೀರೆ ಹೊದಿಸಿದರೆ ಎಡತೋಳಿನ ಬಳ್ಳಿ ಸೀರೆಯ ಮೇಲೂ ಕೆಂಪಗೆ ಮೂಡಿತು. ಬಟ್ಟೆ ಬದಲಿಸಿದರು. ಮತ್ತೆ ಮೂಡಿತು. ಹಾಗೆಯೇ ಹೊತ್ತುಕೊಂಡು ಹೋದರು.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಆ ಮನೆಯಲ್ಲಿ, ಆಮೇಲೆ ಇಡೀ ಓಣಿಯಲ್ಲಿ ಸಿಡುಬು ಎದ್ದಿತು. ಸಿಡುಬು ಹರಡಿದ್ದ ಬಳ್ಳಾರಿಯ ದಂಡಿನ ಪೇಟೆಗೆ, ಒಡಹುಟ್ಟಿದ ಅಕ್ಕನ ಮನೆಗೆ ಜಂಬಮ್ಮ ಹೋಗಿ ಬಂದದ್ದು ಆಗ ಎಲ್ಲರಿಗೂ ನೆನಪಾಯಿತು. ಮೈಮೇಲೆ ಒಂದು ಗುಳ್ಳೆಯನ್ನೂ ಏಳಿಸದೆ ಸಿಡುಬಿನ ಅಮ್ಮ ಅವಳ ರಕ್ತಕ್ಕೇ ಇಳಿದಿದ್ದಳು ಎಂದರು ಊರ ಹಿರಿಯರು. ಗಾದೆಪ್ಪ ಒಂದು ಕಣ್ಣು ಕಳೆದುಕೊಂಡು ಬದುಕಿದ. ಸಣ್ಣವಳಿದ್ದಾಗಲೇ ಅಮ್ಮ ಬಂದು ಹೋಗಿದ್ದ ಉಚ್ಚೆಂಗೆಮ್ಮನಿಗೆ ಏನೂ ಆಗಲಿಲ್ಲ.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ದೊಡ್ಡಬಸಮ್ಮ ಉಚ್ಚೆಂಗೆಮ್ಮನನ್ನು ಹುಡುಕಿಕೊಂಡು ಕುರುಗೋಡಿಗೆ ಬಂದಳು. ಮುಖದ ತುಂಬ ಕಲೆಗಳು, ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಕೊಟ್ಟ ನೀರನ್ನು ಕುಡಿಯಲಿಲ್ಲ. ಉಚ್ಚೆಂಗೆಮ್ಮನ ಎದುರು ಕೂತು ತೋಳು ಚಾಚಿದಳು. ಯಾವ ಚಿತ್ರ ಹಾಕಲಿ ಎಂದು ಉಚ್ಚೆಂಗೆಮ್ಮ ಕೇಳಿದಳು.

"ಚಿತ್ರ ಬ್ಯಾಡ. ಒಂದ್ಸಲ ಚುಚ್ಚು, ಸಾಕು."

ಉಚ್ಚೆಂಗೆಮ್ಮ ಚುಚ್ಚಿದಳು. ಒಂದು ಹನಿ ಮೂಡಿತು. ಇಬ್ಬರೂ ತಲೆ ಬಗ್ಗಿಸಿ ಅದನ್ನೇ ನೋಡುತ್ತ ಕೂತರು. ಹನಿ ಕಪ್ಪಾಯಿತು, ಕುಗ್ಗಿತು, ಚರ್ಮಕ್ಕೆ ಅಂಟಿ ಒಣಗಿತು. ದೊಡ್ಡಬಸಮ್ಮ ಅದನ್ನು ಉಗುರಿನಿಂದ ಕೆರೆದಳು. ಮತ್ತೆ ಬರಲಿಲ್ಲ.

"ಆಕೀದು ನಿಲ್ಲಲಿಲ್ಲ, ನಂದು ನಿಂತುಬಿಡ್ತಲ್ಲ," ಎಂದು ಅವಳು ಇನ್ನೊಂದು ತೋಳನ್ನು ಚಾಚಿದಳು.