ಅಂಗೈಯ ಸುಟ್ಟ ಗುರುತು

ಮೆಕ್ಯಾನಿಕ್ ಕಾಳಿಮುತ್ತು ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿದ್ದ. ಹೊರಗೆ ಕಾಣುತ್ತಿದ್ದುದು ಅವನ ಕಾಲು ಮಾತ್ರ. ಇಂದುಜಾ ಕಾರಿನ ಬಾಗಿಲು ಹಿಡಿದು ನಿಂತು, ಜಗಲಿಯ ಮೇಲೆ ಕೂತವನನ್ನೇ ನೋಡುತ್ತಿದ್ದಳು. ಅವನು ಎಡಗೈ ಮುಷ್ಟಿ ಕಟ್ಟಿಕೊಂಡಿದ್ದ.

“ಲೈಟರ್ ಕಾಯ್ತು ಅಂದ್ರೆ ಇವತ್ತೇ ತೀರ್ಮಾನ,” ಎಂದಳು. “ಗುರುತು ಒಪ್ಪಿದ್ರೆ ಅಣ್ಣ. ಇಲ್ಲಾಂದ್ರೆ ಸಂಜೆ ಬಸ್ಸಿಗೆ ಹೋಗ್ಲಿ. ನಾ ಮತ್ತೆ ಹುಡುಕ್ತೀನಿ.”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?” ಎಂದಳು ತಾಯಿ ಮುತ್ತುಲಕ್ಷ್ಮಿ, ಬಾಳೆಎಲೆ ಒರೆಸುತ್ತ.

ಅಂದು ಆಡಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಪ್ರತಿವರ್ಷದಂತೆ ಎರಡು ಎಲೆ. ದೊಡ್ಡದು ತೀರಿಹೋದ ಗಂಡ ಪೊನ್ನುಸಾಮಿಗೆ. ಚಿಕ್ಕದು ಆಕೆಯ ತವರಿನಲ್ಲಿ ಸತ್ತ ಯಾವುದೋ ಕೂಸಿಗಂತೆ. ಆ ಕೂಸಿನ ಹೆಸರನ್ನು ಯಾರೂ ಕೇಳಿರಲಿಲ್ಲ.

ಮುತ್ತುಲಕ್ಷ್ಮಿಯ ಮಗ ಮೋಹನ್‌ರಾಜನ ಕಥೆ ಗೊತ್ತಿಲ್ಲದವರು ಹನುಮಂತನಪಟ್ಟಿಯಲ್ಲಿ ಇಲ್ಲ. ಆರು ವರ್ಷದ ಹುಡುಗ, ತೇನಿ ಸಂತೆಯಲ್ಲಿ ತಾಯಿಯ ಕೈ ಬಿಟ್ಟು ಕಾಣೆಯಾದ. ಮುತ್ತುಲಕ್ಷ್ಮಿ ಸೊಂಟದವರೆಗೆ ಒದ್ದೆಯಾದ ಸೀರೆಯಲ್ಲಿ ಒಬ್ಬಳೇ ಮನೆಗೆ ಬಂದಳು. ಹುಡುಕುತ್ತ ಎಲ್ಲೆಲ್ಲಿ ಇಳಿದಳೋ ಪಾಪ, ಎಂದರು ಜನ. ಮಗುವಿನ ಗುರುತೇನು ಎಂದು ಪೊಲೀಸರು ಕೇಳಿದರು. ಅದೇ ಬೆಳಿಗ್ಗೆ ಕಾರಿನ ಸಿಗರೇಟ್ ಲೈಟರ್ ಹಿಡಿದು ಎಡ ಅಂಗೈ ಸುಟ್ಟುಕೊಂಡಿದ್ದಾನೆ, ದುಂಡಗೆ ಬರೆ ಬಿದ್ದಿದೆ ಎಂದಳು. ನೋಡಿದ್ದು ಅವಳೊಬ್ಬಳೇ. ಆ ಮಾತು ಪೋಸ್ಟರಿಗೆ ಹೋಯಿತು. ಆಮೇಲೆ ಪೊಲೀಸರು ಎಷ್ಟೋ ಹುಡುಗರನ್ನು ಕರೆತಂದರು. ಯಾರ ಅಂಗೈಯಲ್ಲೂ ಬರೆಯಿರಲಿಲ್ಲ.

ಇಂದುಜಾ ಹುಟ್ಟಿದ್ದು ಅದಾದ ಮೇಲೆ. ಅವಳ ಪಾಲಿಗೆ ಅಣ್ಣ ಎಂದರೆ ಆ ಪೋಸ್ಟರೇ. ಸಂಬಂಧಗಳು ಬಂದವು. ಅಣ್ಣ ಸಿಗಲಿ, ಆಮೇಲೆ ನೋಡೋಣ ಎಂದಳು. ಮದುವೆಯ ವಯಸ್ಸೆಲ್ಲ ತೇನಿ ಬಸ್ ನಿಲ್ದಾಣದ ಗೋಡೆಗೆ ಗೋಂದು ಬಳಿಯುವುದರಲ್ಲೇ ಕಳೆದುಹೋಯಿತು. ಮಗಳ ಬೆರಳಿಗಂಟಿದ ಗೋಂದು ಕಂಡಾಗಲೆಲ್ಲ ಮುತ್ತುಲಕ್ಷ್ಮಿ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಅದು ದುಃಖ ಎಂದು ಎಲ್ಲರೂ ತಿಳಿದಿದ್ದರು.

ಕೆಲವು ತಿಂಗಳ ಹಿಂದೆ ಜಗಲಿಯ ಮೇಲಿನ ಇವನು ಬಂದ. ವೇದಸಂದೂರಿನ ನೂಲಿನ ಗಿರಣಿಯಲ್ಲಿ ಇದ್ದವನಂತೆ. ಪೋಸ್ಟರ್ ನೋಡಿದೆ ಎಂದ, ಅಂಗೈ ಬಿಚ್ಚಿ ತೋರಿಸಿದ. ಮನೆಯ ಕನ್ನಡ ಅವನ ಬಾಯಿಗೆ ಬರುತ್ತಿರಲಿಲ್ಲ, ಕೇಳಿ ಕೇಳಿ ಅರ್ಥವಾಗತೊಡಗಿತ್ತು. ಈ ತಮಿಳು ಸೀಮೆಯಲ್ಲಿ ಕನ್ನಡದ ಮನೆಗಳ ಈಗಿನ ಮಕ್ಕಳ ಪಾಡೂ ಅದೇ, ಅದರಿಂದ ಏನೂ ಸಾಬೀತಾಗಲಿಲ್ಲ. ರಕ್ತಪರೀಕ್ಷೆ ಮಾಡಿಸೋಣ ಎಂದು ಇಂದುಜಾ ಹಟ ಹಿಡಿದಳು. ಹೆತ್ತವಳಿಗೆ ಗೊತ್ತಾಗಲ್ಲವಾ, ಎಂದು ಮುತ್ತುಲಕ್ಷ್ಮಿ ಬಾಯಿ ಮುಚ್ಚಿಸಿದಳು. ಅವನನ್ನು ಆಕೆ ಕರೆಯುತ್ತಿದ್ದುದು ‘ಸಾಮಿ’ ಎಂದು. ಹೆಸರು ಹಿಡಿದು ಒಮ್ಮೆಯೂ ಕರೆದಿರಲಿಲ್ಲ.

ಪರೀಕ್ಷೆಗೆ ಉಳಿದದ್ದು ಕಾರೊಂದೇ. ಬೆಟ್ಟದ ಏಲಕ್ಕಿ ತೋಟದ ದೊರೆಯಿಂದ ಪೊನ್ನುಸಾಮಿ ಕೊಂಡದ್ದು. ಅವನು ಬೀಡಿ ಸಿಗರೇಟು ಮುಟ್ಟಿದವನಲ್ಲ. ಲೈಟರ್ ಮೊದಲಿದ್ದ ಜಾಗದಲ್ಲೇ ಇತ್ತು.

“ಫ್ಯೂಸ್ ಸರಿಯಾಗೈತೆ,” ಎಂದ ಕಾಳಿಮುತ್ತು, ಎದ್ದು ಕೂತು. “ಲೈಟರೇ ಪೂರಾ ಒಳಕ್ಕೆ ಹೋಗ್ತಿಲ್ಲ. ಏನೋ ಅಡ್ಡ ಐತೆ.” ಚಿಮಟ ಹಾಕಿ ಎಳೆದ. ಒಂದು ಹುಣಸೆ ಬೀಜ ಬಂತು.

ಇಂದುಜಾಳ ಕಣ್ಣು ತುಂಬಿತು. “ಅಣ್ಣನೇ ತುರುಕಿರ್ಬೇಕು. ನೆನಪೈತಾ?”

“ಞಾಬಗಂ ಇಲ್ಲೆ,” ನೆನಪಿಲ್ಲವೆಂದು ತಮಿಳಿನಲ್ಲೇ ಹೇಳಿದ ಜಗಲಿಯವನು, ತಲೆ ಬಗ್ಗಿಸಿ.

ಮುತ್ತುಲಕ್ಷ್ಮಿ ಕೈ ಚಾಚಿ ಬೀಜ ತೆಗೆದುಕೊಂಡಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಗುರುತು ಒತ್ತಿ ನೋಡಲು ಬಾಳೆಪಟ್ಟೆ ತರುತ್ತೇನೆಂದು ಇಂದುಜಾ ಹಿತ್ತಲಿಗೆ ಹೋದಳು. ಕಾಳಿಮುತ್ತು ಮತ್ತೆ ಒಳಗೆ ತೂರಿದ. ಹೊರಗೆ ಬಂದಾಗ ಅವನ ಮುಖ ಕಪ್ಪಿಟ್ಟಿತ್ತು. ಮುದುಕಿಯ ಹತ್ತಿರ ಬಂದು ದನಿ ತಗ್ಗಿಸಿದ.

“ಪೆರಿಯಮ್ಮಾ, ಇದ್ಕೆ ವಯರೇ ಇಲ್ಲ. ಕಿತ್ತೋಗಿದ್ದಲ್ಲ, ಹಾಕೇ ಇಲ್ಲ. ಹಿಂದಿನ ತಿರುಪಿನ ಮೇಲೆ ಮೊದ್ಲಿನ ಬಣ್ಣ ಹಂಗೇ ಐತೆ. ಇದು ಒಂದು ಸಲಾನೂ ಕಾದಿದ್ದಲ್ಲ.” ಜಗಲಿಯ ಕಡೆ ಕಣ್ಣು ಹಾಯಿಸಿದ. “ಆ ಆಳು ಸುಳ್ಳು ಹೇಳ್ತಾವ್ನೆ.”

“ಈಗ ವಯರ್ ಎಳೆದ್ರೆ ಕಾಯ್ತದಾ?”

“ಕಾಯ್ತದೆ.”

“ಎಳಿ ತಂಬಿ. ಅವ್ಳು ಬರೋದ್ರೊಳ್ಗೆ.”

ಹೆತ್ತ ಕರುಳಿಗೆ ಕಣ್ಣಿಲ್ಲ ಎಂದುಕೊಂಡ ಕಾಳಿಮುತ್ತು. ಬೇಜಾರಿನಿಂದಲೇ ವಯರ್ ಎಳೆದ.

ಇಂದುಜಾ ಬಂದು ಲೈಟರನ್ನು ಒಳಗೆ ಒತ್ತಿದಳು. ಟಕ್ ಎಂದು ಅದು ಹೊರಗೆ ಜಿಗಿಯಿತು. ಸುರುಳಿ ಕೆಂಪಗೆ ಕಾದಿತ್ತು. ಬಾಳೆಪಟ್ಟೆಯ ಮೇಲೆ ಒತ್ತಿದಾಗ ಚುರ್ ಎಂದಿತು, ದುಂಡು ಬರೆ ಬಿತ್ತು. ಜಗಲಿಯವನು ಎದ್ದು ಬಂದು ಮುಷ್ಟಿ ಬಿಚ್ಚಿದ. ಅವನ ಗುರುತು ಸ್ವಲ್ಪ ದೊಡ್ಡದಿತ್ತು.

“ಕೈ ಬೆಳೆದೈತೆ, ಗುರುತೂ ಬೆಳೆದೈತೆ,” ಎಂದು ಇಂದುಜಾಳೇ ಸಮಾಧಾನ ಹೇಳಿಕೊಂಡಳು. ಆಮೇಲೆ ಆ ಕೈಯನ್ನು ಮುಖಕ್ಕೆ ಒತ್ತಿಕೊಂಡು, “ಅಣ್ಣಾ” ಎಂದು ಅತ್ತಳು. ಅವನೂ ಅತ್ತ. ಆ ಅಳುವಿನಲ್ಲಿ ಮೋಸವಿರಲಿಲ್ಲ, ಅವನಿಗೂ ಯಾರೂ ಇರಲಿಲ್ಲ. ಕಾಳಿಮುತ್ತು ಸಾಮಾನು ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟ.

ಇಂದುಜಾ ಅಟ್ಟದಲ್ಲಿದ್ದ ಪೋಸ್ಟರ್ ಕಟ್ಟನ್ನು ಇಳಿಸಿ ಹಿತ್ತಲ ನೀರೊಲೆಗೆ ಹಾಕಲು ಹೋದಳು. ಹೊಗೆಯ ವಾಸನೆ ನಡುಮನೆಗೂ ಬಂತು. ಮುತ್ತುಲಕ್ಷ್ಮಿ ಎರಡೂ ಎಲೆಗೆ ಅನ್ನ, ಪಾಯಸ ಬಡಿಸಿದಳು. ಸೆರಗಿನ ಗಂಟು ಬಿಚ್ಚಿ ಹುಣಸೆ ಬೀಜವನ್ನು ಚಿಕ್ಕ ಎಲೆಯ ತುದಿಗಿಟ್ಟಳು. ದೀಪಕ್ಕೆ ಎಣ್ಣೆ ತಂದವನು ಅದನ್ನು ನೋಡಿ ನಿಂತ.

“ಇದು ಯಾರುಕ್ಕು ಅಮ್ಮಾ?”

“ಮೋಹನ್‌ರಾಜನಿಗೆ,” ಎಂದಳು ಮುತ್ತುಲಕ್ಷ್ಮಿ. “ಮುಲ್ಲೈ ಹೊಳೇಲಿ ನನ್ ಕೈಯಿಂದ ಜಾರಿ ಹೋದಾಗಿಂದ ಇಡ್ತಾ ಇದೀನಿ. ನೀ ಕೂತ್ಕೋ ಸಾಮಿ, ನಿಂಗೂ ಬಡಿಸ್ತೀನಿ.”