ಗೆದ್ದವನ ಬೆರಳು

ಮೊನ್ನೆ ಓಟು ಹಾಕಿ ಬಂದು ಬೆರಳಿನ ಮಸಿಯ ಘಾಟು ಮೂಗಿಗೆ ಬಡಿದಾಗ, ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿದ್ದ ನಮ್ಮ ಹೋಟೆಲಿನ, ಅರವತ್ತರ ದಶಕದ ಒಂದು ಮಧ್ಯಾಹ್ನ ನೆನಪಾಯಿತು.

ಅಮೆರಿಕದ ಚುನಾವಣೆ ಬಂತೆಂದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಗಲ್ಲಾದ ಪಕ್ಕದ ರೇಡಿಯೊಗೆ ಕಿವಿಯಾನಿಸಿ ಕೇಳಿ, ದೋಸೆಗೆ ಬಂದವರಿಗೆಲ್ಲ ಅಲ್ಲಿನ ಓಟಿನ ವಿಚಾರ ಹೇಳುತ್ತಿದ್ದರು. ಆ ಸಲ, ಎರಡೂ ಕೈ ಎತ್ತಿ ನಗುತ್ತಿದ್ದ ಗೆದ್ದವನ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಲು ಹೊರಟರು. ಮೈದಾ ಅಂಟಿನ ಬಟ್ಟಲು ನನ್ನ ಕೈಯಲ್ಲಿತ್ತು.

"ತಡಿ," ಎಂದರು ಅಜ್ಜಿ. ಹಿಟ್ಟು ಮೆತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಬೆರಳು ನೋಡಿದರು. "ಇವನ ಬೆರಳಲ್ಲಿ ಮಸಿಯೇ ಇಲ್ಲ ಮಾರಾಯ! ತಾನೇ ಓಟು ಹಾಕದವ ಗೆದ್ದದ್ದು ಹೇಗೆ?"

"ಅಲ್ಲಿ ಮಸಿ ಹಾಕುವ ಕ್ರಮ ಇಲ್ಲ ಅಮ್ಮ."

"ಹಾಗಾದ್ರೆ ಒಬ್ಬನೇ ನಾಲ್ಕು ಸಲ ಹಾಕಿದ್ರೆ ಯಾರಿಗೆ ಗೊತ್ತಾಗ್ತದೆ? ಎಂತದೋ ಮೋಸ ಉಂಟು ಇದರಲ್ಲಿ."

ಅಪ್ಪ ನಗುತ್ತಾ ಗಲ್ಲಾದಲ್ಲಿ ಕೂತರು. ಅಜ್ಜಿ ನಗಲಿಲ್ಲ. ಹಿಂದಿನ ತಿಂಗಳು ನಮ್ಮ ವಾರ್ಡಿನ ಚುನಾವಣೆಯಲ್ಲಿ ಹಾಕಿಸಿಕೊಂಡಿದ್ದ ಮಸಿ ಅವರ ಉಗುರಿನಲ್ಲಿ ಇನ್ನೂ ಕಪ್ಪಗಿತ್ತು. ಆ ಬೆರಳನ್ನು ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ನಮ್ಮ ಓಟಿನ ದಿನ ನೀನು, 'ಇವತ್ತು ಸಂತೆ, ಗಿರಾಕಿ ಇದ್ದಾರೆ, ಆಮೇಲೆ ಹೋಗ್ತೇನೆ' ಅಂದಿದ್ದೆ. ಹೋದೆಯಾ? ನಿನ್ನ ಬೆರಳು ತೋರಿಸು, ನೋಡುವ."

ಅಪ್ಪ ಎಡಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿ, ಬಲಗೈಯಿಂದ ರೇಡಿಯೊದ ಸದ್ದು ಹೆಚ್ಚಿಸಿದರು.